ಗಿವ್‌ಗೂ ಅಪ್‌ಗೂ ನಡುವೆ

ಬೈತಕೋಲದಿಂದ ನೀರಿನ ಪೀಪಾಯಿ, ಅಕ್ಕಿ, ಟೊಮೆಟೊ ಹೇರಿಕೊಂಡು
ಆಚೆ ಲಂಗರು ಹಾಕಿದ ಹಡಗಿಗೆ ಹೋಗಿಬರುವುದು ನನ್ನ ಕೆಲಸ.
ಮಾಲಕ ಸಾಲ ತೀರಿಸದೆ ಮಾಯವಾಗಿದ್ದಾನೆ,
ಕೋರ್ಟು ಹಡಗನ್ನು ಕಟ್ಟಿಹಾಕಿದೆ.
ಒಳಗೆ ಏಳು ಜನ. ಎಂಜಿನ್ನು ಸತ್ತು ನಾಲ್ಕು ತಿಂಗಳು.
ಅವರ ಅಡಿಗೆಯವ ನಾದಿರ್
ಕಂಬಿ ಹಿಡಿದು ಬಗ್ಗಿ, ಪ್ರತಿ ಸಲ ಒಂದೇ ಕೂಗು:
"ಡೋಂಟ್ ಗಿವ್ ಅಪ್ ಅಸ್!"

ನಾನು ಕೈಯೆತ್ತಿ ಓಕೆ ಓಕೆ ಅನ್ನುತ್ತೇನೆ.
ಕೈಯೆತ್ತುವುದೆಂದರೆ ನಮ್ಮಲ್ಲಿ
ಇನ್ನು ನನ್ನಿಂದಾಗದು ಅಂತಲೂ ಅರ್ಥ.
ಅವನಿಗೆ ಅದು ಗೊತ್ತಿಲ್ಲ, ಪುಣ್ಯ.

ಮನೆಯಲ್ಲಿ ಹೇಳಿದರೆ ಮಗಳು ಪ್ರಣಾಲಿ ನಕ್ಕಳು.
"ತಪ್ಪು ಪಪ್ಪಾ, ಗಿವ್ ಅಸ್ ಅಪ್ ಅನ್ನಬೇಕು.
ಹಗ್ಗ, ಪೀಪಾಯಿ, ಹೆಸರಿದ್ದ ಸಾಮಾನು ಎಲ್ಲಿಟ್ಟರೂ ಅಡ್ಡಿಲ್ಲ:
ಪಿಕ್ ಅಪ್ ದ ರೋಪ್, ಪಿಕ್ ದ ರೋಪ್ ಅಪ್.
ಇಟ್, ಹಿಮ್, ಅಸ್, ಈ ಚಿಲ್ಲರೆಗಳು ಮಾತ್ರ
ನಡುವೆಯೇ ಕೂರಬೇಕು."

ನನ್ನ ಮೋರೆ ನೋಡಿ ಮತ್ತೆ ಅಂದಳು:
"ನಮ್ಮ ಸ್ಕೂಟರಿನ ಹಾಗೆ.
ಮುಂದೆ ನೀನು, ಹಿಂದೆ ಆಯಿ,
ಸಣ್ಣವಳಿದ್ದಾಗ ನಾನು ನಡುವೆ, ಉಸಿರು ಕಟ್ಟಿಕೊಂಡು.
ಕೋಡಿಬಾಗದ ಮಾಮ ಬಂದರೆ
ಅವನನ್ನು ಯಾರು ನಡುವೆ ತೂರಿಸುತ್ತಾರೆ?
ಕಡೆಗೇ ಕೂರುತ್ತಾನೆ, ಗಾಲಿ ಚಪ್ಪಟೆಯಾಗುವಂತೆ."

ಹಾಗಾದರೆ ಲುಕ್ ಆಫ್ಟರ್?
"ಅದು ಬೇರೆ. ಅದಕ್ಕೆ ನಡುವೆ ಜಾಗವೇ ಇಲ್ಲ.
ಲುಕ್ ಆಫ್ಟರ್ ಅಸ್. ತಿರುಗಿಸಿ
ಲುಕ್ ಅಸ್ ಆಫ್ಟರ್ ಅಂದರೆ ಪಿಯೇದಾದ್ ಮಿಸ್ ಕಿವಿ ಹಿಂಡುತ್ತಾರೆ."
ಯಾಕೆ?
"ಯಾಕೆ ಅಂತ ಪುಸ್ತಕದಲ್ಲಿಲ್ಲ."

ನಿದ್ದೆ ಬರಲಿಲ್ಲ.
ಇಷ್ಟು ವರ್ಷ ನಾನಾಡಿದ ಮಾತಿನಲ್ಲೂ ಇಂಥ ಜೋಡಿಗಳು ಉಂಟಲ್ಲ,
ಹೇಳಿಬಿಡು, ಹೇಳಿಕೊಡು, ಹೇಳಿಕೊ.
ಬಾಲ ಬದಲಾದರೆ ಪ್ರಾಣಿಯೇ ಬೇರೆ.
ನಡುವೆ ಏ ಅಂತ ಒಂದು ಒತ್ತು ನುಸುಳೀತು,
ಹೇಳೇಬಿಡು. ಮನುಷ್ಯರು ನುಸುಳಲಾರರು.
ನಮ್ಮನ್ನು ಕೈಬಿಡಬೇಡಿ ಅನ್ನುವಾಗ
ನಮ್ಮನ್ನು ಅನ್ನುವುದು ಮೊದಲೇ ಹೊರಗೆ, ಜಗಲಿಯಲ್ಲಿ;
ಒಳಗೆ ಕೈಯೂ ಬಿಡುವುದೂ ಒಂದೇ ಚಾಪೆಯ ಮೇಲೆ.

ಹೊರಳಿ ಮಲಗಿದೆ. ಆಗ ಹೊಳೆಯಿತು:
ಇಂಗ್ಲಿಷಿನವರು ಬಿಟ್ಟುಕೊಡುವಾಗ ಮಾತ್ರ
ಬಿಟ್ಟುಕೊಟ್ಟವನನ್ನು ನಡುವೆ ಕೂರಿಸುತ್ತಾರೆ,
ಎರಡೂ ಕಡೆಯಿಂದ ಒತ್ತಿ ಹಿಡಿದು.
ಕಾಯುವಾಗ, ಹುಡುಕುವಾಗ, ನೋಡಿಕೊಳ್ಳುವಾಗ
ವೇಟ್ ಫಾರ್ ಹಿಮ್, ಲುಕ್ ಫಾರ್ ಹಿಮ್,
ಅವನು ಸಾಲಿನ ಕೊನೆಯಲ್ಲಿ, ಪಡಿತರದಂಗಡಿಯ ಮುಂದೆ ನಿಂತ ಹಾಗೆ.

ಮರುದಿನ ತಿದ್ದಬೇಕು ಅಂತಲೇ ಹೋದೆ.
ಕೂರ್ಮಗಡದ ಕಡೆಯಿಂದ ಸಣ್ಣ ಗಾಳಿ.
ನಾದಿರ್ ಹಗ್ಗ ಇಳಿಸಿದ, ಪೀಪಾಯಿ ಕಟ್ಟಿದೆ, ಎಳೆದ.
ನನ್ನ ದೋಣಿ ಒಂದು ಶಬ್ದ, ಅವನ ಡೆಕ್ಕು ಇನ್ನೊಂದು,
ನಡುವೆ ನೀರು ತುಳುಕಿಸುತ್ತ ತೂಗುತ್ತಿತ್ತು
ಇಟ್.

ಮೇಲೆ ಮುಟ್ಟಿದ ಮೇಲೆ ಎಂದಿನ ಕೂಗು:
"ಡೋಂಟ್ ಗಿವ್ ಅಪ್ ಅಸ್!"
ಬಾಯಿ ತೆರೆದವನು ಸುಮ್ಮನಾದೆ.
ಗಿವ್‌ಗೂ ಅಪ್‌ಗೂ ನಡುವೆ ಕೂರಲು ಒಲ್ಲೆ ಅಂತಿದ್ದಾನಲ್ಲ ಪುಣ್ಯಾತ್ಮ,
ಏಳೂ ಜನರನ್ನು ಕರಕೊಂಡು
ಲುಕ್ ಆಫ್ಟರ್‌ನ ಬೆನ್ನಿಗೆ ಹೋಗಿ ನಿಂತಿದ್ದಾನೆ.
ಇದನ್ನು ತಿದ್ದಲು ನಾನ್ಯಾರು?

ಎಂಜಿನ್ನಿನ ಸದ್ದು ಮೀರಿ ನಾನೂ ಕೂಗಿದೆ,
"ಐ ಲುಕ್ ಯು ಆಫ್ಟರ್!"
ತಪ್ಪು, ಗೊತ್ತು. ಗೊತ್ತಿದ್ದೇ ಕೂಗಿದೆ,
ಇಲ್ಲದ ಜಾಗ ಮಾಡಿಕೊಂಡು, ಸ್ಕೂಟರಿನ ನಡುವೆ
ಅವನನ್ನು ಕೂರಿಸಿ.

"ಓಕೆ, ಓಕೆ" ಅಂದ. ಕೈಯೆತ್ತಿದ.
ಟೊಮೆಟೊ ಬುಟ್ಟಿ
ಇನ್ನೂ ಹಗ್ಗದಲ್ಲೇ ಇತ್ತು.